ಮುಂಗಾರಿಗೆ ಮುನ್ನ ಹೂದೋಟ

ಬೇಸಗೆಯ ರಜೆಯಲ್ಲಿ ಅಧ್ಯಾಪಕನಾದವನಿಗೆ ಒಂದು ವಿಚಿತ್ರವಾದ ಉತ್ಸಾಹ ಬರುತ್ತದೆ. ಉತ್ತರಪತ್ರಿಕೆಗಳ ಕಟ್ಟುಗಳು ಮನೆಯಿಂದ ಹೊರಟುಹೋದ ಮರುದಿನವೇ, ಕೆಂಪು ಶಾಯಿಯಲ್ಲಿ ಗೀಟು ಹಾಕಿ ಅಭ್ಯಾಸವಾದ ಕೈ ಇನ್ನೇನನ್ನಾದರೂ ತಿದ್ದಲು ಹಾತೊರೆಯುತ್ತದೆ. ಎರಡು ವರ್ಷದ ಹಿಂದೆ ಹಾಗೆ ನನ್ನ ಕೈಗೆ ಸಿಕ್ಕಿದ್ದು ಮೈಸೂರಿನ ನಮ್ಮ ಮನೆಯ ಹೂದೋಟ. ತೋಟವೆಂದರೆ ದೊಡ್ಡದೇನೂ ಅಲ್ಲ. ಜಗುಲಿಗೂ ಕಾಂಪೌಂಡಿಗೂ ನಡುವೆ ಹತ್ತು ಹೆಜ್ಜೆಯ ಮಣ್ಣು, ಇಪ್ಪತ್ತು ಕುಂಡಗಳು, ಮೂಲೆಯಲ್ಲೊಂದು ದುಂಡುಮಲ್ಲಿಗೆಯ ಪೊದೆ.

ಮೇ ತಿಂಗಳ ತೋಟ ಕಣ್ಣಿಗೆ ಅಷ್ಟೇನೂ ಹಿತವಲ್ಲ. ಚಳಿಗಾಲದಲ್ಲಿ ಮೆರೆದ ಡೇಲಿಯಾ ಒಣದಂಟಾಗಿ ನಿಂತಿರುತ್ತದೆ. ದಾಸವಾಳದ ಚಿಗುರಿಗೆ ಹಿಟ್ಟುತಿಗಣೆ ಮುತ್ತಿರುತ್ತದೆ. ಕುಂಡದ ಮಣ್ಣು ಇಟ್ಟಿಗೆಯಂತೆ ಬಿಗಿದಿರುತ್ತದೆ. ನಾನು ಕತ್ತರಿ ಹಿಡಿದೆ. ಒಂದೇ ಬೆಳಗಿನಲ್ಲಿ ಒಣಗಿದ್ದನ್ನೂ, ಒಣಗಿದಂತೆ ಕಂಡದ್ದನ್ನೂ, ಅಂಕೆಯಿಲ್ಲದೆ ಹರಡಿದ್ದನ್ನೂ ಸವರಿಹಾಕಿದೆ. ಮಲ್ಲಿಗೆಯ ಪೊದೆಯನ್ನು ಮೊಣಕಾಲೆತ್ತರಕ್ಕೆ ಇಳಿಸಿದೆ. ಪಂಪನಿಗೆ ಬನವಾಸಿಯನ್ನು ನೆನೆಯಲು ಬಿರಿದ ಮಲ್ಲಿಗೆ ಸಾಕಾಗಿತ್ತೆಂದು ವರ್ಷವರ್ಷವೂ ತರಗತಿಯಲ್ಲಿ ಬಣ್ಣಿಸುವವನು ನಾನೇ!

ಅಮ್ಮ ಜಗುಲಿಗೆ ಬಂದು ನೋಡಿದರು, ಏನೂ ಅನ್ನಲಿಲ್ಲ. ಸಂಜೆ ನಾಲ್ಕಕ್ಕೆ ಎಂದಿನಂತೆ ಹೂವಿನ ಬುಟ್ಟಿಯನ್ನು ಕೈಗೆತ್ತಿಕೊಂಡವರು ಮತ್ತೆ ಅದನ್ನು ಗೂಟಕ್ಕೆ ನೇತುಹಾಕಿದರು. ತಂದೆಯವರು ತೀರಿಕೊಂಡು ಆಗ ಏಳು ವರ್ಷವಾಗಿತ್ತು. ಅಂದಿನಿಂದ ಅಮ್ಮ ಹೂ ಮುಡಿದಿರಲಿಲ್ಲ. ಕಟ್ಟುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬಾಳೆನಾರನ್ನು ನೆನೆಸಿಟ್ಟುಕೊಂಡು, ಬಿರಿಯುವ ಮೊದಲೇ ಮೊಗ್ಗು ಬಿಡಿಸಿ, ದೇವರಿಗೊಂದು ಮೊಳ, ಸೊಸೆಗೊಂದು ಮೊಳ, ಮೊಮ್ಮಗಳಿಗೊಂದು ತುಂಡು, ಮಿಕ್ಕಿದ್ದು ಪಕ್ಕದ ಮನೆಯವರಿಗೆ. ಆ ಹೂವಿನ ನೆಪದಲ್ಲಿಯೇ ನಾಲ್ಕು ಜನ ಜಗುಲಿಗೆ ಬಂದು ಕೂತು, ಮಾತನಾಡಿ ಹೋಗುತ್ತಿದ್ದರು.

“ಕಸ ಗುಡಿಸಿದಿರಿ, ಸರಿ. ಅತ್ತೆಯವರ ಸಂಜೆಯನ್ನೂ ಗುಡಿಸಿಬಿಟ್ಟಿರಲ್ಲ!” ಎಂದಳು ನನ್ನಾಕೆ.

ತಪ್ಪೇನೆಂಬುದನ್ನು ಆಮೇಲೆ ಅರಿತೆ. ದುಂಡುಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ನವೆಂಬರು-ಡಿಸೆಂಬರಿನಲ್ಲಿ ಸವರಿದರೆ ಬೇಸಗೆಯ ಹೊತ್ತಿಗೆ ಚಿಗುರು ಬಲಿತು ಮೊಗ್ಗಾಗುತ್ತದೆ. ಹೂವಿನ ಸುಗ್ಗಿಯ ನಡುವೆ ಕತ್ತರಿಸಿದರೆ ಅಷ್ಟು ದಿನಗಳ ಹೂವೂ ನಷ್ಟ. ಮೇ ತಿಂಗಳಲ್ಲಿ ಈ ಗಿಡಕ್ಕೆ ಬೇಕಾದುದು ಇಷ್ಟೇ: ಬಾಡಿದ ಹೂಗೊಂಚಲನ್ನು ಚಿವುಟುವುದು, ಬುಡ ಸಡಿಲಿಸಿ ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ ಕೊಡುವುದು, ನೀರು ತಪ್ಪಿಸದಿರುವುದು.

ಈಗ ನಮ್ಮ ಮನೆಯ ಬೇಸಗೆಯ ಕೊನೆಯ ಕೆಲಸ ಅಮ್ಮನ ಕ್ರಮದಂತೆ ನಡೆಯುತ್ತದೆ. ಒಣಗಿತೆಂದು ತೋರುವ ರೆಂಬೆಯನ್ನು ಮೊದಲು ಉಗುರಿನಿಂದ ಕೆರೆದು ನೋಡಬೇಕು. ತೊಗಟೆಯ ಕೆಳಗೆ ಹಸಿರಿದ್ದರೆ ಅದರ ತಂಟೆಗೆ ಹೋಗಬಾರದು. ಡೇಲಿಯಾದ ದಂಟು ಒಣಗಿದರೂ ಗಡ್ಡೆ ಜೀವಂತವಾಗಿರುತ್ತದೆ. ಅದನ್ನು ಅಗೆದು ನೆರಳಿನಲ್ಲಿ, ಒಣಮರಳಿನಲ್ಲಿ ಕಾಪಾಡಬೇಕು. ದಾಸವಾಳದ ಹಿಟ್ಟುತಿಗಣೆಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ ಮತ್ತು ತುಸು ಸಾಬೂನು ಬೆರೆಸಿ ಸಂಜೆ ಸಿಂಪಡಿಸಬೇಕು. ಇರುವೆಗಳ ಸಾಲನ್ನೂ ತಡೆಯಬೇಕು. ತಿಗಣೆ ಸೂಸುವ ಸಿಹಿರಸದ ಆಸೆಗೆ ಇರುವೆಗಳೇ ಅದರ ಕಾವಲು ನಿಲ್ಲುತ್ತವೆ. ಕುಂಡದ ತಳದ ತೂತುಗಳನ್ನು ಕಡ್ಡಿಯಿಂದ ಬಿಡಿಸದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ತರಗೆಲೆಯನ್ನು ಸುಡುವುದು ನಮ್ಮಲ್ಲಿ ನಿಷಿದ್ಧ. ಬುಡಕ್ಕೆ ಹರಡಿದರೆ ಬಿಸಿಲಿನಲ್ಲಿ ತೇವ ಉಳಿಯುತ್ತದೆ, ಮಳೆಯಲ್ಲಿ ಕಳಿತು ಗೊಬ್ಬರವಾಗುತ್ತದೆ.

ಮುಂದಿನ ಹಬ್ಬಗಳ ಹೂವಿಗೂ ಈಗಲೇ ಸಿದ್ಧತೆಯಾಗಬೇಕು. ಜೂನ್ ಮೊದಲಲ್ಲಿ ಚೆಂಡುಹೂವಿನ ಬೀಜ ಬಿತ್ತಿದರೆ ಗೌರಿ-ಗಣೇಶನ ಹಬ್ಬದ ವೇಳೆಗೆ ಹೂ ಸಿದ್ಧ. ಸೇವಂತಿಗೆಯ ಬೇರುಬಿಟ್ಟ ಕಂದುಗಳನ್ನು ತಾಯಿಗಿಡದಿಂದ ಬಿಡಿಸಿ ನೆಟ್ಟು, ತಿಂಗಳಾದ ಮೇಲೆ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಹಗಲು ಕಿರಿದಾಗಿ ಇರುಳು ಹಿರಿದಾಗುತ್ತ ಬಂದಂತೆ ಮೊಗ್ಗು ಮೂಡುತ್ತದೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗೆಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಆ ನಗರದ ಸಾಲುಮರಗಳನ್ನು ಯೋಜಿಸಿದನೆಂಬುದು ಪ್ರಸಿದ್ಧ. ಹತ್ತು ಹೆಜ್ಜೆಯ ತೋಟಕ್ಕೂ ಆ ಸೂತ್ರ ಒಪ್ಪುತ್ತದೆ.

ಇನ್ನು ಈ ದುಡಿಮೆಗೆ ದೊರೆಯುವ ಕೂಲಿ. “ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ” ಎಂಬ ಗಾದೆ ರೈತನದು. ಆದರೆ ಭರಣಿ-ಕೃತ್ತಿಕೆಯರ ಒಂದು ಹದಮಳೆ ಬಿದ್ದರೆ ನಮ್ಮ ಪುಟ್ಟ ಧರಣಿಯೂ ಎಚ್ಚರಗೊಳ್ಳುತ್ತದೆ. ವರ್ಷವೆಲ್ಲ ಮರೆತಿದ್ದ ಜಾಗದಲ್ಲಿ ಮೇ ಹೂವಿನ ಗಡ್ಡೆ ನೆಲವನ್ನು ಸೀಳಿಕೊಂಡು ಕೆಂಪು ಚೆಂಡನ್ನು ಮೇಲೆತ್ತುತ್ತದೆ. ಹತ್ತಿರ ಹೋಗಿ ನೋಡಿದರೆ ಆ ಚೆಂಡೆಲ್ಲ ಪುಟ್ಟಪುಟ್ಟ ಹೂಗಳೇ. ಮಳೆಯಾದ ಕೆಲವೇ ದಿನಗಳಲ್ಲಿ ಮಳೆಲಿಲ್ಲಿಗಳು ಹುಲ್ಲಿನಂಥ ಎಲೆಗಳ ನಡುವೆ ಗುಲಾಬಿ ಬಣ್ಣದ ಬಟ್ಟಲುಗಳನ್ನು ಹಿಡಿದು ನಿಲ್ಲುತ್ತವೆ. ಶಾಲೆ ತೆರೆಯುವ ಮುನ್ನ ಅವನ್ನು ಎಣಿಸುವುದು ನನ್ನ ಮಗಳ ನಿತ್ಯದ ಕೆಲಸ.

ಕತ್ತರಿಸಿಕೊಂಡ ಮಲ್ಲಿಗೆಯ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಮಳೆ ಹಿಡಿದ ಮೇಲೆ ಅದು ಚಿಗುರಿತು. ಆಷಾಢದಲ್ಲಿ ಒಂದು ಸಂಜೆ ನಾಲ್ಕೇ ನಾಲ್ಕು ಮೊಗ್ಗು ಸಿಕ್ಕಿದವು, ಮಾಲೆಗೆ ಸಾಲದು. ಮೂರು ದೇವರ ಪಾಲಾದವು. ನಾಲ್ಕನೆಯದನ್ನು ಮಗಳು ಎತ್ತಿಕೊಂಡು, “ಅಜ್ಜಿ, ಇದು ನಿಂಗೆ” ಎಂದು ನೇರವಾಗಿ ಅಮ್ಮನ ತುರುಬಿಗೆ ಸಿಕ್ಕಿಸಿಬಿಟ್ಟಳು. ನಾನೂ ನನ್ನಾಕೆಯೂ ಉಸಿರು ಬಿಗಿಹಿಡಿದೆವು. ಅಮ್ಮನ ಕೈ ಒಮ್ಮೆ ತಲೆಯತ್ತ ಹೋಯಿತು, ಹೂವನ್ನು ಮುಟ್ಟಿತು, ಹಾಗೆಯೇ ಕೆಳಗಿಳಿಯಿತು. ರಾತ್ರಿ ನಮಗೆ ಬಡಿಸುವಾಗ ಆ ಮೊಗ್ಗು ಅಲ್ಲಿಯೇ ಅರಳಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಅಂದಿನಿಂದ ತೋಟದ ಕತ್ತರಿ ಅಮ್ಮನ ಹೊಲಿಗೆಯ ಪೆಟ್ಟಿಗೆಯಲ್ಲಿರುತ್ತದೆ. ಬೇಕಾದಾಗ ಕೇಳಿ ಪಡೆಯುತ್ತೇನೆ.