ಗೃಹವಿಮೆಯ ಕಂತು ಮತ್ತು ಮನೆಯ ರಚನೆ: ಅರ್ಜಿದಾರರ ಗಮನಕ್ಕೆ

ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತ, ಭೂಕಂಪ ಮುಂತಾದವುಗಳಿಂದ ವಾಸದ ಮನೆಗೆ ಉಂಟಾಗುವ ಹಾನಿಯನ್ನು ಭರಿಸಿಕೊಡುವ ಸಲುವಾಗಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ದಿನಾಂಕ 01-04-2021ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿಯನ್ನು ಜಾರಿಗೆ ತಂದಿರುತ್ತದೆ. ಇದರ ಮೂಲ ಷರತ್ತುಗಳು ಎಲ್ಲ ಕಂಪನಿಗಳಲ್ಲಿಯೂ ಒಂದೇ. ಕಂತಿನ ದರ ಮಾತ್ರ ಒಂದೇ ಅಲ್ಲ. ಅಗ್ನಿವಿಮೆಯ ನಿಗದಿತ ದರಪಟ್ಟಿಯು 2007ರ ಜನವರಿಯಲ್ಲಿ ರದ್ದಾದ ತರುವಾಯ ದರವನ್ನು ಆಯಾ ಕಂಪನಿಯೇ ನಿರ್ಧರಿಸುತ್ತದೆ. ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿ ಅರ್ಜಿ ಸಲ್ಲಿಸುವುದು ಲಾಭಕರ.

ದರ ನಿರ್ಧಾರದಲ್ಲಿ ಮೊದಲು ಪರಿಶೀಲಿಸಲ್ಪಡುವುದು ಗೋಡೆ ಮತ್ತು ಮೇಲ್ಛಾವಣಿ. ಮರದ ಹಲಗೆ, ಹುಲ್ಲು, ಸೋಗೆ, ಬಿದಿರು, ಟಾರ್ಪಾಲಿನ್ ಮುಂತಾದವುಗಳ ಗೋಡೆ ಅಥವಾ ಛಾವಣಿ ಇದ್ದಲ್ಲಿ ಅದು ‘ಕಚ್ಚಾ’ ಕಟ್ಟಡವೆನಿಸುತ್ತದೆ, ಉಳಿದವು ‘ಪಕ್ಕಾ’. ಕಚ್ಚಾ ಕಟ್ಟಡಕ್ಕೆ ಬೇಗ ಬೆಂಕಿ ತಗಲುವುದರಿಂದ ದರವೂ ಹೆಚ್ಚು. ಕಾಂಕ್ರೀಟ್ ಮನೆಗೆ ತಾಗಿದಂತೆ ಸೋಗೆಯ ಅಡುಗೆ ಚಪ್ಪರ ಕಟ್ಟಿಕೊಂಡು, ಅರ್ಜಿಯಲ್ಲಿ ಕೇವಲ ‘ಆರ್.ಸಿ.ಸಿ.’ ಎಂದು ನಮೂದಿಸುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಬೆಂಕಿ ಹತ್ತುವುದು ಅಂತಹ ಚಪ್ಪರದಿಂದಲೇ ಆದಲ್ಲಿ, ಪರಿಹಾರ ಕೋರಿಕೆಯು ವಿವಾದಕ್ಕೆ ಒಳಗಾಗುತ್ತದೆ ಅಥವಾ ತಿರಸ್ಕೃತವಾಗುತ್ತದೆ. ಕಂತಿನಲ್ಲಿ ಉಳಿಸಿದ ಹಣ ಅತ್ಯಲ್ಪ, ಕಳೆದುಕೊಳ್ಳುವುದು ಇಡೀ ಮನೆ.

ಸೌದೆ ಒಲೆ, ಬಚ್ಚಲಿನ ಹಂಡೆ ಒಲೆ, ಕೊಡಗು ಹಾಗೂ ಚಿಕ್ಕಮಗಳೂರಿನ ತೋಟದ ಬಂಗಲೆಗಳಲ್ಲಿರುವ ಅಗ್ಗಿಷ್ಟಿಕೆ, ಇವುಗಳ ವಿವರವನ್ನು ಕಂಪನಿಯು ಕೇಳಿದಲ್ಲಿ ಮರೆಮಾಚದೆ ನೀಡತಕ್ಕದ್ದು. ಹೊಗೆಗೊಳವೆಯನ್ನು ಕಾಲಕಾಲಕ್ಕೆ ಶುಚಿಗೊಳಿಸದಿದ್ದರೆ ಒಳಗೆ ಕಟ್ಟಿದ ಮಸಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಮನೆಯ ಮುಂದಿನ ಕೋಣೆಯನ್ನು ಅಂಗಡಿಗೆ ಕೊಟ್ಟಿದ್ದರೆ ಅಥವಾ ಮುಂದೆ ಕೊಡುವುದಾದರೆ ಅದನ್ನು ಸಹ ಬರವಣಿಗೆಯಲ್ಲಿ ತಿಳಿಸಬೇಕು.

ವಿಮಾ ಮೊತ್ತವೆಂದರೆ ಮನೆಯನ್ನು ಪುನಃ ಕಟ್ಟಲು ತಗಲುವ ವೆಚ್ಚವೇ ಹೊರತು ನಿವೇಶನದ ಬೆಲೆಯಲ್ಲ. ಉದಾಹರಣೆಗೆ, ಕಾರ್ಪೆಟ್ ವಿಸ್ತೀರ್ಣ 1,000 ಚದರ ಅಡಿ, ನಿರ್ಮಾಣ ವೆಚ್ಚ ಚದರ ಅಡಿಗೆ ರೂ. 2,000 ಇದ್ದಲ್ಲಿ ಮೊತ್ತ ರೂ. 20 ಲಕ್ಷ. ಗೃಹೋಪಯೋಗಿ ವಸ್ತುಗಳಿಗೆ ಇದರ ಶೇ. 20ರಷ್ಟು, ಅಂದರೆ ರೂ. 4 ಲಕ್ಷ, ತಾನಾಗಿಯೇ ದೊರೆಯುತ್ತದೆ. ಇದರ ಗರಿಷ್ಠ ಮಿತಿ ರೂ. 10 ಲಕ್ಷ. ಕಾಂಪೌಂಡು ಗೋಡೆ, ನೀರಿನ ತೊಟ್ಟಿ, ಸೌರ ಫಲಕಗಳಿದ್ದರೆ ಅವುಗಳ ವೆಚ್ಚವನ್ನೂ ತಪ್ಪದೆ ಸೇರಿಸಿರಿ. ಮೊತ್ತ ಹೆಚ್ಚಿದಂತೆ ಕಂತೂ ಹೆಚ್ಚುತ್ತದೆ, ನಿಜ. ಆದರೆ ಕಳೆದುಹೋದದ್ದನ್ನು ಮತ್ತೆ ಕಟ್ಟಿಕೊಳ್ಳಲು ಸಿಗುವುದೂ ಅದೇ ಮೊತ್ತದೊಳಗೆ.

ಕಳ್ಳತನದ ಬಗ್ಗೆ ತಪ್ಪು ತಿಳಿವಳಿಕೆ ಬೇಡ. ಈ ಪಾಲಿಸಿಯಲ್ಲಿ ಬೆಂಕಿ, ಪ್ರವಾಹ ಮೊದಲಾದ ವಿಮಾವ್ಯಾಪ್ತಿಯ ಘಟನೆ ನಡೆದ 7 ದಿನಗಳೊಳಗೆ, ಆ ಕಾರಣದಿಂದ ಆದ ಕಳವಿಗೆ ಮಾತ್ರ ಪರಿಹಾರವುಂಟು.

ಪರಿಹಾರ ನಿರಾಕರಿಸಲ್ಪಟ್ಟಲ್ಲಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಸಲ್ಲಿಸಬೇಕು. ಅಲ್ಲಿ ಪರಿಹಾರವಾಗದಿದ್ದರೆ ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯನ್ನು ದೂರವಾಣಿ 155255ರ ಮೂಲಕ ಸಂಪರ್ಕಿಸಬಹುದು, ಅಥವಾ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಅರ್ಜಿಯ ಪ್ರತಿ, ಪಾಲಿಸಿ ಹಾಗೂ ಕಂತಿನ ರಸೀದಿಯ ನಕಲುಗಳನ್ನು ಆ ಮನೆಯಲ್ಲಿಯೇ ಇಡದೆ ಬೇರೆಡೆಯೂ ಒಂದು ಜೊತೆ ಇರಿಸಿಕೊಳ್ಳುವುದು.