ಹಿಮದ ಕಂಬವನ್ನು ತಟ್ಟಿ ನೋಡುವವರು

ಗುಲ್ಮಾರ್ಗ್‌ನಲ್ಲಿ ರಾತ್ರಿಯಿಡೀ ಹಿಮ ಸುರಿದು, ಬೆಳಿಗ್ಗೆ ಕಣ್ಣು ಕೋರೈಸುವ ಬಿಸಿಲು. ಗೊಂಡೋಲಾದಲ್ಲಿ ಅಫರ್ವಟ್ ಶಿಖರದ ಹೆಗಲಿಗೆ ಬಂದಿಳಿದವರೆಲ್ಲ ಹೊಸ ಹಿಮದ ಮೇಲೆ ಜಾರಲು ಹಾತೊರೆಯುತ್ತಿದ್ದರು. ನಮ್ಮ ಗೈಡ್ ಮಾತ್ರ ಒಂದು ಪುಟ್ಟ ಏರಿನಲ್ಲಿ ಸಲಿಕೆ ಹಿಡಿದು ಗುಂಡಿ ತೋಡತೊಡಗಿದರು.

ಗುಂಡಿಯ ಗೋಡೆಯಲ್ಲಿ 30 ಸೆಂ.ಮೀ. ಅಗಲ, ಅಷ್ಟೇ ಆಳದ ಕಂಬವೊಂದನ್ನು ಸುತ್ತಲೂ ಕೊಯ್ದು ಬಿಡಿಸಿದರು. ಅದರ ನೆತ್ತಿಯ ಮೇಲೆ ಸಲಿಕೆ ಇಟ್ಟು ತಟ್ಟುವುದೇ ಪರೀಕ್ಷೆ: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಹೆಗಲಿನಿಂದ 10 ಏಟು. 13ನೇ ಏಟಿಗೇ ಕಂಬದ ಮೇಲ್ಭಾಗ ಸರಕ್ಕನೆ ಜಾರಿ ಮುಂದಕ್ಕೆ ಬಂತು. ನಾನು ಲೆಕ್ಕ ಬರೆದುಕೊಳ್ಳುತ್ತಿದ್ದೆ. “ಎಷ್ಟನೇ ಏಟಿಗೆ ಅನ್ನೋದಿರಲಿ, ಹೇಗೆ ಮುರೀತು ನೋಡಿ ಸಾಬ್” ಎಂದರು. ಒರಟೊರಟಾಗಿ ಮುರಿದರೆ ಅಷ್ಟು ಭಯವಿಲ್ಲ. ಹೀಗೆ ನುಣುಪಾಗಿ, ಒಮ್ಮೆಲೇ ಕಳಚಿದರೆ ಬಿರುಕು ಇಡೀ ಇಳಿಜಾರಿಗೆ ಹಬ್ಬಬಲ್ಲದು. ಮುರಿದ ಜಾಗದ ಹಿಮವನ್ನು ಬೊಗಸೆಯಲ್ಲಿ ತೆಗೆದುಕೊಂಡೆ. ಒಂದಕ್ಕೊಂದು ಅಂಟದೆ ಸಕ್ಕರೆಯಂತೆ ಬೆರಳ ಸಂದಿಯಿಂದ ಉದುರಿತು.

ಹಿಮಕುಸಿತದ ಅಪಾಯದ ಬೇರು ಈ ಸಕ್ಕರೆಯಂಥ ಹರಳುಗಳಲ್ಲಿದೆ. ಚಳಿಗಾಲದ ಆರಂಭದ ತೆಳು ಹಿಮದಲ್ಲಿ ಬುಡ ಬೆಚ್ಚಗೆ, ಮೇಲ್ಮೈ ವಿಪರೀತ ತಣ್ಣಗೆ. ಆವಿ ಮೇಲೇರುತ್ತ ಹಿಮದ ಕಣಗಳನ್ನು ಬಿಡಿಬಿಡಿ ಹರಳಾಗಿಸುತ್ತದೆ. ಬಿರುಗಾಳಿ ತಂದ ಹೊಸ ಹಿಮ ಅದರ ಮೇಲೆ ಚಪ್ಪಡಿಯಾಗಿ ಕೂರುತ್ತದೆ. ಗಾಳಿ ಮರೆಯ ಮಗ್ಗುಲಿಗೆ ಇನ್ನಷ್ಟು ತಂದು ಪೇರಿಸುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿದ್ದರೆ ಆ ಚಪ್ಪಡಿ ಜಾರಲು ಒಬ್ಬ ಸ್ಕೀಯರ್‌ನ ಭಾರ ಸಾಕು. 2023ರ ಫೆಬ್ರುವರಿ 1ರಂದು ಇದೇ ಅಫರ್ವಟ್‌ನಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಬಲಿಯಾದರು.

ಮನಾಲಿಯಲ್ಲಿ 1969ರಲ್ಲಿ ಆರಂಭವಾದ ಹಿಮ ಅಧ್ಯಯನ ಸಂಸ್ಥೆ ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಎಂಬ ಪ್ರಯೋಗಾಲಯದಲ್ಲಿ ವಿಲೀನವಾಗಿದೆ. ಅದರ ಹಿಮಕುಸಿತದ ಮುನ್ಸೂಚನೆ ಇಡೀ ಜಿಲ್ಲೆಯ ಮಾತು ಹೇಳುತ್ತದೆ, ಕಾಲಡಿಯ ಇಳಿಜಾರಿನದ್ದಲ್ಲ. ಹಾಗಾಗಿ ನನಗೆ ಗುಂಡಿಯ ಮೇಲೆ ಪ್ರೀತಿ. ಆದರೆ ಗುಂಡಿ ‘ಬೇಡ’ ಎಂದಾಗ ಮಾತ್ರ ಅದನ್ನು ಪೂರ್ತಿ ನಂಬುತ್ತೇನೆ. ‘ಹೋಗು’ ಎಂದರೆ ಅನುಮಾನ, ಏಕೆಂದರೆ ಹತ್ತು ಹೆಜ್ಜೆ ಆಚೆ ಹಿಮದ ಪದರವೇ ಬೇರೆ ಇರಬಹುದು. ಕಾಲಡಿ ‘ಧುಮ್’ ಎಂಬ ಸದ್ದು, ಮುಂದಕ್ಕೋಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ ಕಂಡರೆ ಗುಂಡಿಯೂ ಬೇಕಿಲ್ಲ. ಆ ದಿನ ಗುಂಡಿಯೇ ‘ಬೇಡ’ ಎಂದಿತ್ತು, ನಾವು ಅಲ್ಲಿಂದಲೇ ಹಿಂತಿರುಗಿದೆವು.

2016ರಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ನಮಗೆಲ್ಲ ನೆನಪಿದ್ದಾರೆ. ಅದು ತೀರಾ ಅಪರೂಪ. ಹೂತುಹೋದವರನ್ನು ಮೊದಲ 10–15 ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಆಮೇಲೆ ಆಸೆ ಬೇಗ ಕ್ಷೀಣಿಸುತ್ತದೆ. ಅಷ್ಟರೊಳಗೆ ಅಗೆದು ತೆಗೆಯಬಲ್ಲವರು ಜೊತೆಗಾರರು ಮಾತ್ರ. ಹೂತವರ ಜಾಗ ತೋರುವ ಸಂಕೇತ ಯಂತ್ರ, ಹಿಮಕ್ಕೆ ಚುಚ್ಚಿ ಹುಡುಕುವ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರುತ್ತವೆಯೇ, ಬಳಸುವುದನ್ನು ಯಾರು ಕಲಿಸುತ್ತಾರೆ ಎಂದು ಬೆಂಗಳೂರಿನಿಂದ ಹಿಮದ ಕಡೆ ಹೊರಡುವವರು ಹಣ ಕಟ್ಟುವ ಮುನ್ನವೇ ಕೇಳಿಕೊಳ್ಳಲಿ.