ಮೊದಲು ಹುಂಡಿ... ಆಮೇಲೆ ಟಿಕೆಟ್ಟು!

2022ರ ಮಾರ್ಚ್ 17. ಅಪ್ಪು ಹುಟ್ಟುಹಬ್ಬ. 'ಜೇಮ್ಸ್' ಬಿಡುಗಡೆ. ಪುನೀತ್ ನಮ್ಮನ್ನಗಲಿ ಆಗಿನ್ನೂ ಐದು ತಿಂಗಳೂ ತುಂಬಿರಲಿಲ್ಲ. ಬೆಳ್ಳಂಬೆಳಗ್ಗೆ ಥಿಯೇಟರ್ ಮುಂದೆ ಜನವೋ ಜನ. ಕಟೌಟಿಗೆ ಆಳೆತ್ತರದ ಹಾರ, ಹಾಲಿನ ಅಭಿಷೇಕ, ಪಟಾಕಿ... ಕೂಗುವ ಬಾಯಲ್ಲೇ ಅಳು! ಆ ಜಾತ್ರೆಯಲ್ಲಿ ನಾನೂ ಇದ್ದೆ. ಜೇಬಿನಲ್ಲಿ ಫಸ್ಟ್ ಶೋ ಟಿಕೆಟ್ಟಿತ್ತು.

ದುಡ್ಡು ಎಲ್ಲಿಂದ ಬಂತು ಅಂತೀರಾ? ಹೇಳೋಕೆ ನಾಚಿಕೆಯಾಗುತ್ತೆ. ಮೂರು ವರ್ಷದ ಮಗಳ ಮಣ್ಣಿನ ಹುಂಡಿ ಒಡೆದು ತಂದ ದುಡ್ಡು ಸ್ವಾಮಿ ಅದು!

ಅಜ್ಜಿ ಹಾಕಿದ ಹತ್ತು, ಸೋದರಮಾವ ಹಾಕಿದ ಇಪ್ಪತ್ತು, ಅಂಗಡಿಯಲ್ಲಿ ಮಿಕ್ಕ ಚಿಲ್ಲರೆ... ಎಲ್ಲಾ ಸೇರಿ 640 ರೂಪಾಯಿ. ಟಿಕೆಟ್ಟಿಗೆ ಅಷ್ಟು, ಹಾರದ ಚಂದಾ ಇಷ್ಟು, ಪೆಟ್ರೋಲು, ತಿಂಡಿ, ಟೀ. ಸಂಜೆ ಮನೆಗೆ ಬಂದಾಗ ಜೇಬಲ್ಲಿ ಉಳಿದಿದ್ದು ಐದು ರೂಪಾಯಿ!

ಹೆಂಡತಿ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸುಮ್ಮನೆ ಹುಂಡಿ ಚೂರುಗಳನ್ನು ಗುಡಿಸಿ ಮೊರದಲ್ಲಿ ತುಂಬಿಕೊಂಡು ಹೋದಳು. ಮುಂದಿನ ವಾರ ಮಗುವಿಗೆ ಜ್ವರ. ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆ ಬಾಗಿಲು ತಟ್ಟಿ ಐನೂರು ರೂಪಾಯಿ ಸಾಲ ಕೇಳಿದವನು ನಾನೇ!

ಕಂಬಳಿ ತಂದ ಹುಡುಗ

ಇದಾಗಿ ಎರಡು ವರ್ಷ. 2024ರ ಒಂದು ಭಾನುವಾರ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಬೆಟ್ಟದ ಹೂವು' ನೋಡ್ತಿದ್ದೆ. 1985ರ ಚಿತ್ರ. ನಿರ್ಮಾಪಕಿ ಪಾರ್ವತಮ್ಮ ರಾಜ್‌ಕುಮಾರ್, ನಿರ್ದೇಶಕ ಎನ್. ಲಕ್ಷ್ಮೀನಾರಾಯಣ್. ಆಗ ಅಪ್ಪುಗೆ ಹತ್ತು ವರ್ಷ. ಶ್ರೇಷ್ಠ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ.

ಕಥೆ ನಿಮಗೆ ಗೊತ್ತಿದ್ದದ್ದೇ. ಬಡ ಹುಡುಗ ರಾಮು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅನ್ನೋದು ಅವನ ಕನಸು. ಕಾಡಲ್ಲಿ ಹೂವು ಹುಡುಕಿ ತಂದು ಮಾರಿ ಕಾಸಿಗೆ ಕಾಸು ಕೂಡಿಸ್ತಾನೆ. ಕೊನೆಗೆ ದುಡ್ಡು ಕೈಗೆ ಬಂದಾಗ ಪುಸ್ತಕ ಕೊಳ್ಳೋದಿಲ್ಲ. ಮನೆಯವರಿಗೆ ಕಂಬಳಿ ತರ್ತಾನೆ!

"ಅಪ್ಪಾ, ಪುಸ್ತಕ ಯಾಕೆ ತಗೊಳ್ಳಲಿಲ್ಲ?" ಅಂದಳು ಮಗಳು.

"ಮನೇಲಿ ಎಲ್ಲರಿಗೂ ಚಳಿ ಆಗ್ತಿತ್ತಲ್ಲ ಪುಟ್ಟಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ನನ್ನ ಹುಂಡಿ ದುಡ್ಡಲ್ಲಿ ನೀನೇನು ತಂದೆ?"

ಅಜ್ಜಿ ಹೇಳಿದ್ದಿರಬೇಕು. ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತುಹೋಯಿತು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಯಾವ ಅಪ್ಪುಗಾಗಿ ಹುಂಡಿ ಒಡೆದೆನೋ, ಅದೇ ಅಪ್ಪು ತೆರೆಯ ಮೇಲಿಂದ ನನ್ನ ಕೆನ್ನೆಗೆ ಬಾರಿಸಿದ ಹಾಗಾಯಿತು!

ಅಂಚೆ ಕಚೇರಿಯ ಕಿಟಕಿ

ಮರುದಿನವೇ ಅಂಚೆ ಕಚೇರಿ ಕಿಟಕಿ ಮುಂದೆ ನಿಂತೆ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು, ಲೆಕ್ಕ ಅಂದರೆ ಓಟ. ಆದರೂ ಕೂತು ಲೆಕ್ಕ ಹಾಕಿದೆ. ಮದುವೆಯಾಗಿ ಮಕ್ಕಳಿರುವ ಅಭಿಮಾನಿ ಅಣ್ಣತಮ್ಮಂದಿರೇ, ನೀವೂ ಕೇಳಿ.

ಮೊದಲನೆಯದು ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷ ಕಟ್ಟಬೇಕು. 2024ರಲ್ಲಿ ಬಡ್ಡಿ ಶೇ. 6.7 ಇತ್ತು. ಆ ದರದಲ್ಲಿ ನಾವು ಕಟ್ಟುವ 6,000 ರೂಪಾಯಿ ಐದು ವರ್ಷಕ್ಕೆ 7,100 ದಾಟುತ್ತೆ. ಮಗ ಹುಟ್ಟಿ ಆಗ ವರ್ಷವಾಗಿತ್ತು. ಅವನ ಸ್ಕೂಲ್ ಖರ್ಚಿಗೆ ಅಂತ ಒಂದು ಆರ್.ಡಿ. ಮಾಡಿದೆ.

ಎರಡನೆಯದು ಸುಕನ್ಯಾ ಸಮೃದ್ಧಿ. 2015ರಲ್ಲಿ ಬಂದ ಯೋಜನೆ. ಹತ್ತು ವರ್ಷ ತುಂಬದ ಹೆಣ್ಣುಮಕ್ಕಳಿಗೆ ಮಾತ್ರ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತ. ಕೈಯಲ್ಲಿದ್ದಾಗ ಜಾಸ್ತಿ ಹಾಕಿ, ಇಲ್ಲದಾಗ ಕಮ್ಮಿ ಹಾಕಿ. ನನ್ನ ಹಾಗೆ ಸಂಬಳವಿಲ್ಲದವರಿಗೆ ಇದೇ ಅನುಕೂಲ. ಕಟ್ಟೋದು 15 ವರ್ಷ, ಖಾತೆ ಮುಗಿಯೋದು 21ಕ್ಕೆ. 2024ರ ಬಡ್ಡಿ ಶೇ. 8.2. ದರ ಹಾಗೇ ಉಳಿದರೆ, ತಿಂಗಳಿಗೆ 500ರಂತೆ ಕಟ್ಟಿದ 90 ಸಾವಿರ ಕೊನೆಗೆ ಎರಡೂವರೆ ಲಕ್ಷ ದಾಟುತ್ತೆ! ಮಗಳಿಗೆ 18 ತುಂಬಿದ ಮೇಲೆ ಓದಿಗೆ ಅಂತ ಅರ್ಧದವರೆಗೆ ತೆಗೀಬಹುದು. ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತೆ, ಕಟ್ಟುವ ಮುಂಚೆ ಕಿಟಕಿಯಲ್ಲಿ ಕೇಳಿಕೊಳ್ಳಿ.

ಇದರಲ್ಲಿ ಇನ್ನೊಂದು ಲಾಭವಿದೆ. ಮಣ್ಣಿನ ಹುಂಡಿಯನ್ನು ಅಪ್ಪ ಒಡೀಬಹುದು. ಇದನ್ನು ರಿಲೀಸ್ ದಿನ ಬೆಳಗ್ಗೆ ಆರು ಗಂಟೆಗೆ ಒಡೆಯೋಕೆ ಆಗೋಲ್ಲ!

ದುಡ್ಡು ಎಲ್ಲಿಂದ?

"ತಿನ್ನೋಕೇ ಸಾಲದು, ಉಳಿಸೋದೆಲ್ಲಿ ಬಂತು?" ಅಂತ ಗೊಣಗಬೇಡಿ. ನಾನೂ ಹಾಗೇ ಗೊಣಗಿದವನೇ. ಲೇಖನಕ್ಕೆ ಇಷ್ಟು ಅಂತ ದುಡ್ಡು, ಅದೂ ಬಂದಾಗ ಬಂತು. ಹೆಂಡತಿ ಒಂದೇ ಮಾತು ಹೇಳಿದಳು: "ರೀ, ಉಳಿದಿದ್ದನ್ನು ಎತ್ತಿಡೋದಲ್ಲ, ಎತ್ತಿಟ್ಟು ಉಳಿದಿದ್ದರಲ್ಲಿ ಬದುಕೋಣ." ಈಗ ನೂರು ಬಂದರೆ ಹತ್ತು ಮೊದಲು ಮಕ್ಕಳಿಗೆ. ಆಮೇಲೆ ಅಕ್ಕಿ, ಬಾಡಿಗೆ.

ಖರ್ಚೂ ಇಳಿಯಿತು. ಸಾವಿರಾರು ರೂಪಾಯಿ ಕೇಳಿದ ನರ್ಸರಿಗೆ ಕೈಮುಗಿದು ಮಗಳನ್ನು ಅಂಗನವಾಡಿಗೆ ಕಳಿಸಿದೆವು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಆಟ, ಪಾಠ, ಊಟ ಎಲ್ಲಾ ಪುಕ್ಕಟೆ. ಮಗನ ಲಸಿಕೆಗಳನ್ನೆಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಹಾಕಿಸಿದೆವು, ಬಿಡಿಗಾಸಿಲ್ಲ. ಹಗಲು ಹಳೇ ಪಂಚೆಯ ಲಂಗೋಟಿ, ಡೈಪರ್ ರಾತ್ರಿಗೆ ಮಾತ್ರ. ಅಕ್ಕನ ಮಕ್ಕಳ ಬಟ್ಟೆ ನಮ್ಮ ಮಕ್ಕಳಿಗೆ. ಮೂರು ತಿಂಗಳಲ್ಲಿ ಗಿಡ್ಡವಾಗುವ ಅಂಗಿಗೆ ಹೊಸದೇನು, ಹಳೇದೇನು?

ಹಾಗಂತ ಸಿನಿಮಾ ಬಿಟ್ಟೆನೇ? ಛೆ, ಎಲ್ಲಾದರೂ ಉಂಟೇ! ಹಾರ್ಲಿಕ್ಸ್ ಬಾಟಲಿಯೊಂದಕ್ಕೆ 'ಸಿನಿಮಾ' ಅಂತ ಚೀಟಿ ಅಂಟಿಸಿದ್ದೇವೆ. ಸಿಗರೇಟು ಬಿಟ್ಟ ದುಡ್ಡು ಅದಕ್ಕೆ. ಬಾಟಲಿ ತುಂಬಿದರೆ ಥಿಯೇಟರ್, ಇಲ್ಲದಿದ್ದರೆ ಪೋಸ್ಟರ್ ದರ್ಶನ.

2025ರ ಮಾರ್ಚ್‌ನಲ್ಲಿ, ಪುನೀತ್ 50ನೇ ಹುಟ್ಟುಹಬ್ಬಕ್ಕೆ, 2002ರ 'ಅಪ್ಪು' ಮತ್ತೆ ತೆರೆಗೆ ಬಂತು. ಬಾಟಲಿ ಬಗ್ಗಿಸಿದೆವು. ಎಣಿಸಿದ್ದು ಮಗಳು. ಮನೆಮಂದಿಯೆಲ್ಲ ಹೋದೆವು. ಮಗ ನನ್ನ ತೊಡೆಯ ಮೇಲೆ, ತಿನ್ನೋಕೆ ಮನೆಯ ಚಕ್ಕುಲಿ. ಅಪ್ಪು ತೆರೆಗೆ ಬಂದಾಗ ನಾನು ಹೊಡೆದ ಶಿಳ್ಳೆಗೆ ಮಗಳು ಕಿವಿ ಮುಚ್ಚಿಕೊಂಡಳು.

ಹೊರಗೆ ಬರುವಾಗ ಕಿವಿಯಲ್ಲಿ ಕೇಳಿದಳು, "ಅಪ್ಪಾ, ನನ್ನ ಹುಂಡಿ?"

"ಪೋಸ್ಟಾಫೀಸಲ್ಲಿ ಭದ್ರವಾಗಿದೆ ಪುಟ್ಟಿ," ಅಂದೆ.

'ಜೇಮ್ಸ್' ನೋಡಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ. ಅವತ್ತು ಮಾತ್ರ ಕಣ್ತುಂಬ ಮಲಗಿದೆ.